ಬೂಟಿನಿಂದ ಶುರುವಾಗುವ ಸಿಪಾಯಿ

(ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಪಾಲಕರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ನಿಮ್ಮ ಕೈಗೆ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟಿದ್ದೆವು. ಎರಡು ನಿಮಿಷದಲ್ಲಿ ಒಬ್ಬ ಸಿಪಾಯಿಯ ಚಿತ್ರ ತೆಗೆಯಿರಿ ಅಂತ ಹೇಳಿದ್ದೆ. ನೀವು ತೆಗೆಯುವಾಗ ನಾನು ಸಾಲುಗಳ ನಡುವೆ ಓಡಾಡುತ್ತಾ ಒಂದೇ ಒಂದು ಸಂಗತಿ ನೋಡುತ್ತಿದ್ದೆ. ಪೆನ್ಸಿಲ್ ಮೊದಲು ಹಾಳೆಯ ಎಲ್ಲಿ ತಾಗುತ್ತದೆ? ಹೆಚ್ಚಿನವರದು ಮೇಲ್ಗಡೆಯೇ ತಾಗಿತು. ತಲೆ, ಟೋಪಿ, ಮೀಸೆ. ಕೆಲವರು ನೇರ ಬಂದೂಕಿಗೇ ಹೋದರು. ಈಗ ನಿಮ್ಮ ಹಾಳೆಯ ಕೆಳಭಾಗ ನೋಡಿಕೊಳ್ಳಿ. ನಿಮ್ಮ ಸಿಪಾಯಿಗೆ ಕಾಲು ಪೂರ್ತಿ ಬಂದಿದೆಯಾ? ನೆಲದ ಮೇಲೆ ನಿಂತಿದ್ದಾನಾ, ಇಲ್ಲಾ ಗಾಳಿಯಲ್ಲಿ ತೇಲುತ್ತಿದ್ದಾನಾ?

ಮಕ್ಕಳೂ ಹೀಗೇ ಮಾಡುತ್ತಾರೆ. ತಲೆ ದೊಡ್ಡದಾಗಿ ಬರುತ್ತದೆ. ಹೊಟ್ಟೆಗೆ ಬರುವಷ್ಟರಲ್ಲಿ ಹಾಳೆ ಮುಗಿಯುತ್ತದೆ. ಕಾಲನ್ನು ಎರಡು ಕಡ್ಡಿ ಮಾಡಿ ಇದ್ದ ಜಾಗದಲ್ಲಿ ತುರುಕುತ್ತಾರೆ. ಆಮೇಲೆ ಚಿತ್ರ ನೋಡಿ ಅವರಿಗೇ ಬೇಜಾರಾಗುತ್ತದೆ. ರಬ್ಬರ್ ಹಿಡಿಯುತ್ತಾರೆ, ಹಾಳೆ ಹರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ.

ನಾನು ಇವತ್ತು ಹೇಳೋಕೆ ಬಂದಿರುವುದು ಇಷ್ಟೇ. ಸಿಪಾಯಿಯ ಕಾರ್ಟೂನನ್ನು ಬೂಟಿನಿಂದ ಶುರು ಮಾಡಿಸಿ. ಮುಖ ಆಮೇಲೆ. ಬಂದೂಕು ಎಲ್ಲಕ್ಕಿಂತ ಕೊನೆಗೆ, ಅದೂ ಮಗುವಿಗೆ ಬೇಕಾದರೆ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ.

ಆಗಸ್ಟ್ 15, ಜನವರಿ 26 ಹತ್ತಿರ ಬಂತೆಂದರೆ ನಮ್ಮ ಕಡೆ ಎಲ್ಲ ಶಾಲೆಯಲ್ಲೂ ಚಿತ್ರಕಲಾ ಸ್ಪರ್ಧೆ ಇರುತ್ತದೆ. ವಿಷಯ ಒಂದೋ ಧ್ವಜ, ಒಂದೋ ಸೈನಿಕ. ಎಷ್ಟೋ ವರ್ಷದ ಹಿಂದೆ ಅಂಥ ಒಂದು ಸ್ಪರ್ಧೆಗೆ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬಳಾಗಿ ಹೋಗಿದ್ದೆ. ಮೇಜಿನ ಮೇಲೆ ನಲವತ್ತು ಹಾಳೆ ಹರಡಿದ್ದರು. ನೋಡುತ್ತೇನೆ, ಮೂವತ್ತಕ್ಕೂ ಜಾಸ್ತಿ ಹಾಳೆಗಳಲ್ಲಿ ಒಬ್ಬನೇ ಸಿಪಾಯಿ. ಅದೇ ಬಲಗಡೆ ತಿರುಗಿದ ಮುಖ, ಅದೇ ಬಂದೂಕು, ಹಿಂದೆ ಅವೇ ಎರಡು ಗುಡ್ಡ, ನಡುವೆ ಸೂರ್ಯ. ಬೋರ್ಡಿನ ಮೇಲೆ ತೆಗೆದು ತೋರಿಸಿದ್ದನ್ನು ಮಕ್ಕಳು ವಾರವಿಡೀ ಬಾಯಿಪಾಠ ಮಾಡಿದ ಹಾಗೆ ಕೈಪಾಠ ಮಾಡಿದ್ದರು.

ಒಂದು ಹಾಳೆ ಮಾತ್ರ ಬೇರೆ ಇತ್ತು. ಅದರಲ್ಲಿ ಒಬ್ಬ ಸಿಪಾಯಿ ಒಂದು ದೊಡ್ಡ ಕರಿ ಟ್ರಂಕಿನ ಮೇಲೆ ಕುಳಿತಿದ್ದ. ಟ್ರಂಕಿನ ಮೇಲೆ ಬಿಳಿ ಅಕ್ಷರದಲ್ಲಿ ಹೆಸರು, ನಂಬರ್. ಬೂಟು ಎಷ್ಟು ದೊಡ್ಡದಿತ್ತೆಂದರೆ ಹಾಳೆಯ ಕಾಲುಭಾಗ ಅದೇ ಆಗಿತ್ತು. ಲೇಸು ಒಂದೊಂದೂ ಬಿಡದೆ ಹಾಕಿದ್ದಳು. ಬಂದೂಕು ಇರಲಿಲ್ಲ. ಆ ಹುಡುಗಿಯನ್ನು ಕರೆದು ಕೇಳಿದೆ, ಇವನ ಬಂದೂಕು ಎಲ್ಲಮ್ಮಾ ಅಂತ.

"ನಮ್ಮ ಕಾಕಾ ಸೂಟಿಗೆ ಬಂದಾನ್ರೀ ಅಕ್ಕೋರ. ಬಂದೂಕ ಅಲ್ಲೇ ಇಟ್ಟು ಬರ್ತಾರಂತ್ರೀ."

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಕಾಕಾನನ್ನು ಕರೆತರಲು ಅವಳೂ ಹೋಗಿದ್ದಳು. ಊರಿನ ಬಸ್ಸಿಗೆ ಕಾಯುತ್ತಾ ಕಾಕಾ ಟ್ರಂಕಿನ ಮೇಲೆ ಕೂತಿದ್ದ. ಅವಳು ಕೆಳಗೆ, ಅವನ ಬೂಟಿನ ಪಕ್ಕ. ಆ ಎತ್ತರದಿಂದ ನೋಡಿದರೆ ಬೂಟೇ ದೊಡ್ಡದು ಕಾಣಬೇಕು ಅಲ್ವಾ? ಅವಳು ಕಂಡದ್ದನ್ನು ಕಂಡ ಹಾಗೆ ತೆಗೆದಿದ್ದಳು. ನಾನು ಆ ಚಿತ್ರಕ್ಕೆ ಮೊದಲ ಬಹುಮಾನ ಬೇಕೆಂದು ಹಟ ಹಿಡಿದೆ. ಉಳಿದ ಇಬ್ಬರು ಒಪ್ಪಲಿಲ್ಲ. ಬಂದೂಕಿಲ್ಲದ ಸೈನಿಕ ಹೇಗಾಗುತ್ತಾನೆ ಅಂದರು. ಅವಳಿಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ. ಅವತ್ತಿನ ಸಿಟ್ಟು ನನಗೆ ಇವತ್ತೂ ಇಳಿದಿಲ್ಲ. ಇವತ್ತು ನಾನು ಇಲ್ಲಿ ನಿಂತು ಮಾತಾಡುತ್ತಿರುವುದೂ ಆ ಹುಡುಗಿಯ ದೆಸೆಯಿಂದಲೇ.

ಇನ್ನೊಂದು ಮಾತು ಮೊದಲೇ ಇತ್ಯರ್ಥ ಮಾಡಿಬಿಡೋಣ. ಕಾರ್ಟೂನಿಗೆ ಕನ್ನಡದಲ್ಲಿ ನಾವು ವ್ಯಂಗ್ಯಚಿತ್ರ ಅನ್ನುತ್ತೇವೆ. ಆ ಹೆಸರೇ ಕೆಲವು ಪಾಲಕರಿಗೆ ಅಡ್ಡ ಬರುತ್ತದೆ. ಒಬ್ಬ ತಂದೆ ಬಂದು, ಅಕ್ಕೋರೇ, ದೇಶ ಕಾಯುವವನನ್ನು ಕಾರ್ಟೂನ್ ಮಾಡಿದರೆ ಅವನಿಗೆ ಅವಮಾನ ಅಲ್ಲವಾ ಅಂತ ಕೇಳಿದರು. ಅವರು ಮಾಜಿ ಸೈನಿಕರು. ಮನಸ್ಸಿನಿಂದ ಕೇಳಿದ ಪ್ರಶ್ನೆ ಅದು. ನಾನು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪೇಪರಿನಲ್ಲಿ ಬರುವ ರಾಜಕೀಯ ಕಾರ್ಟೂನಿನಲ್ಲಿ ವ್ಯಂಗ್ಯ ಇರುತ್ತದೆ, ನಿಜ. ಮಕ್ಕಳ ಕಾರ್ಟೂನಿನ ಕೆಲಸ ಅದಲ್ಲ. ಬೇಡದ್ದನ್ನು ಬಿಡುವುದು, ಬೇಕಾದ್ದನ್ನು ದೊಡ್ಡದು ಮಾಡುವುದು, ಇಷ್ಟೇ ಅದರ ಕೆಲಸ. ಇದು ನಮಗೇನೂ ಹೊಸದಲ್ಲ. ದೊಡ್ಡಾಟದ ವೀರನನ್ನು ನೋಡಿ. ಭುಜಕೀರ್ತಿ ಕಟ್ಟಿ ಹೆಗಲನ್ನು ಎರಡು ಪಟ್ಟು ಮಾಡುತ್ತಾರೆ. ಕಿರೀಟ ಇಟ್ಟು ತಲೆಯನ್ನು ಎತ್ತರ ಮಾಡುತ್ತಾರೆ. ಕೊನೇ ಸಾಲಿನಲ್ಲಿ ಕೂತ ಅಜ್ಜಿಗೂ ಇವನೇ ವೀರ ಅಂತ ತಿಳಿಯಬೇಕು. ಅದು ಅವಮಾನ ಅಲ್ಲ, ಗೌರವ. ತೊಗಲುಗೊಂಬೆಯಲ್ಲೂ ಅಷ್ಟೇ. ಮುಖ ಪಕ್ಕಕ್ಕೆ ತಿರುಗಿರುತ್ತದೆ, ಕಣ್ಣು ಮಾತ್ರ ಇಡಿಯಾಗಿ ನಮ್ಮನ್ನೇ ನೋಡುತ್ತಿರುತ್ತದೆ. ಕಂಡ ಹಾಗೆ ಅಲ್ಲ, ಬೇಕಾದ ಹಾಗೆ.

ಮತ್ತೆ ವೀರಗಲ್ಲು. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ನಮ್ಮ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಯ ಮಕ್ಕಳಿಗೆ ಇದು ಮನೆ ಬಾಗಿಲಿನ ಪಾಠ. ಹಾನಗಲ್ಲ, ಹಾವೇರಿ, ಲಕ್ಕುಂಡಿ ಕಡೆ ಹಳೇ ಗುಡಿಗಳ ಸುತ್ತ, ಊರ ಅಗಸೆಯ ಹತ್ತಿರ, ಹೊಲದ ಬದುವಿನಲ್ಲಿ ಇವು ನಿಂತಿರುತ್ತವೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹಾಲಯದಲ್ಲೂ ಇವೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಕಲ್ಲಿನ ಮುಂದೆ ಕೂರಿಸಿ, ಇದನ್ನು ಎಲ್ಲಿಂದ ಓದಬೇಕು ಅಂತ ಕೇಳಿ. ಎಲ್ಲರೂ ಮೇಲಿನಿಂದ ಅನ್ನುತ್ತಾರೆ. ಅಲ್ಲ. ಕೆಳಗಿನಿಂದ. ಕೆಳಗಿನ ಪಟ್ಟಿಯಲ್ಲಿ ಕಾಳಗ. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತವನಾದರೆ ದನಗಳೂ ಅಲ್ಲೇ ಇರುತ್ತವೆ. ನಡುವಿನ ಪಟ್ಟಿಯಲ್ಲಿ ಅವನು ಸತ್ತಿದ್ದಾನೆ, ಅಪ್ಸರೆಯರು ಎರಡೂ ಕಡೆ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಶಿವಲಿಂಗದ ಮುಂದೆ ಕೈ ಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವ ತನಕ ಇವನ ಹೆಸರು ಇರಲಿ ಅಂತ.

ಮೂರು ಚೌಕದಲ್ಲಿ ಒಂದು ಕಥೆ. ಇವತ್ತಿನ ಮಕ್ಕಳು ಓದುವ ಚಿತ್ರಕಥೆ ಇದೇ ತಾನೇ? ಇನ್ನೂ ಹತ್ತಿರ ಹೋಗಿ ನೋಡಿ. ವೀರ ದೊಡ್ಡವನು, ಎದುರಾಳಿಗಳು ಗಿಡ್ಡ. ಮುಖ ಗಾಳಿ ಮಳೆಗೆ ಸವೆದು ಹೋಗಿರುತ್ತದೆ. ಕಣ್ಣು ಮೂಗು ಏನೂ ಉಳಿದಿರುವುದಿಲ್ಲ. ಆದರೂ ಅವನು ಮುನ್ನುಗ್ಗುತ್ತಿದ್ದಾನೆ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಹೇಗೆ? ಕಾಲಿನಿಂದ. ಮುಂದಿನ ಮೊಣಕಾಲು ಬಾಗಿದೆ, ಹಿಂದಿನ ಕಾಲು ನೆಲ ಒದೆಯುತ್ತಿದೆ, ಬೆನ್ನು ಬಿಲ್ಲಿನ ಹಾಗೆ ಮುಂದಕ್ಕೆ ವಾಲಿದೆ. ನಾನು ಬೂಟಿನಿಂದ ಶುರು ಮಾಡಿ ಅನ್ನುವುದು ಆ ಕಲ್ಲಿನಿಂದಲೇ ಕಲಿತದ್ದು. ಸಿಪಾಯಿಯನ್ನು ಸಿಪಾಯಿ ಮಾಡುವುದು ಅವನು ನಿಂತಿರುವ ರೀತಿ.

ಈಗ ಕೈಗೆ ಪೆನ್ಸಿಲ್ ತೆಗೆದುಕೊಳ್ಳೋಣ.

ಮೊದಲು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ. ಚಿತ್ರದ ಪಿರಿಯಡ್ಡಿನಲ್ಲಿ ಮೊದಲ ಐದು ನಿಮಿಷ ಪೆನ್ಸಿಲ್ ಮುಟ್ಟುವುದು ಬೇಡ. ಸಾವಧಾನ್ ಅನ್ನಿ. ಎನ್‌ಸಿಸಿ ಮಾಡಿದವರು ಇಲ್ಲಿದ್ದರೆ ಅವರಿಗೆ ಗೊತ್ತು, ಸಾವಧಾನ್‌ನಲ್ಲಿ ಹಿಮ್ಮಡಿ ಕೂಡಿರಬೇಕು, ಮುಂಗಾಲು 30 ಡಿಗ್ರಿ ಅಗಲಿರಬೇಕು. ವಿಶ್ರಾಮ್ ಅಂದರೆ ಎರಡು ಪಾದದ ನಡುವೆ 12 ಇಂಚು ಅಂತರ, ಕೈ ಎರಡೂ ಬೆನ್ನ ಹಿಂದೆ. ತಮ್ಮ ಪಾದವನ್ನು ತಾವೇ ನೋಡಿಕೊಳ್ಳಲಿ. ಆಮೇಲೆ ಪುಸ್ತಕ ತುಂಬಿದ ಪಾಟಿಚೀಲವನ್ನು ಬೆನ್ನಿಗೆ ಹಾಕಿಸಿ ಕ್ಲಾಸಿನ ಸುತ್ತ ಒಂದು ಸುತ್ತು ನಡೆಸಿ. ಒಬ್ಬರು ನಡೆಯುವಾಗ ಉಳಿದವರು ಪಕ್ಕದಿಂದ ನೋಡಲಿ. ಭಾರ ಹೊತ್ತಾಗ ಬೆನ್ನು ನೆಟ್ಟಗಿರುವುದಿಲ್ಲ, ಮುಂದಕ್ಕೆ ವಾಲುತ್ತದೆ. ಬೆಳಿಗ್ಗೆ ಬೇಗ ಎದ್ದವರು ನಮ್ಮ ಕೆಸಿಡಿ, ಅಂದರೆ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಸೈನ್ಯದ ಭರ್ತಿಗೆ ತಯಾರಿ ಮಾಡುವ ಹುಡುಗರನ್ನು ನೋಡಿರುತ್ತೀರಿ. 1600 ಮೀಟರ್ ಓಟ. ಕೊನೇ ಸುತ್ತಿನಲ್ಲಿ ಅವರ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಒಂದು ಗೆರೆ ಎಳೆದರೆ ಹೇಗಿರುತ್ತದೆ? ಆ ಒಂದು ಗೆರೆಯನ್ನೇ ಮಗು ಹಾಳೆಯ ಮೇಲೆ ತೆಳ್ಳಗೆ ಎಳೆಯಲಿ. ನೆಟ್ಟಗಿದ್ದರೆ ಕಾವಲು ನಿಂತವನು, ವಾಲಿದ್ದರೆ ನಡೆಯುವವನು, ಬಾಗಿದ್ದರೆ ದಣಿದವನು. ಯಾವ ಸಿಪಾಯಿ ಬೇಕೆಂದು ಮಗು ಇಲ್ಲೇ ತೀರ್ಮಾನ ಮಾಡುತ್ತದೆ.

ಆಮೇಲೆ ಹಾಳೆಯ ಕೆಳಗೆ, ಎರಡು ಬೆರಳು ಜಾಗ ಬಿಟ್ಟು, ನೆಲದ ಗೆರೆ. ಅದರ ಮೇಲೆ ಬೂಟು. ಸಾವಧಾನ್ ನಿಂತವನ ಬೂಟನ್ನು ನಾನು ಬದನೆಕಾಯಿಯಿಂದ ಹೇಳಿಕೊಡುತ್ತೇನೆ. ಎರಡು ಬದನೆಕಾಯಿ, ತೊಟ್ಟು ಕೂಡಿಸಿ ಬುಡ ಅಗಲಿಸಿ ಇಟ್ಟ ಹಾಗೆ. ಒಮ್ಮೆ ನಿಜವಾಗಿ ಎರಡು ಬದನೆಕಾಯಿ ತಂದು ಮೇಜಿನ ಮೇಲೆ ಇಟ್ಟಿದ್ದೆ. ಎರಡನೇ ತರಗತಿಯ ಮಕ್ಕಳಿಗೂ ತಕ್ಷಣ ಹತ್ತಿತು. ಬೂಟಿನ ಕೆಳಗೆ ಪೆನ್ಸಿಲ್ ಅಡ್ಡ ಹಿಡಿದು ಒಂದಿಷ್ಟು ನೆರಳು ಉಜ್ಜಿಸಿ. ಅಷ್ಟಕ್ಕೇ ಸಿಪಾಯಿಯ ಭಾರ ನೆಲಕ್ಕೆ ಇಳಿಯುತ್ತದೆ.

ಇನ್ನು ಎತ್ತರ. ದೊಡ್ಡ ಮನುಷ್ಯರ ಎತ್ತರ ಅವರ ತಲೆಯ ಅಳತೆಯ ಸುಮಾರು ಏಳೂವರೆ ಪಟ್ಟು ಇರುತ್ತದೆ. ಈಗಷ್ಟೇ ಹುಟ್ಟಿದ ಕೂಸಿನದು ನಾಲ್ಕು ಪಟ್ಟು. ಅದಕ್ಕೇ ಕೂಸಿನ ತಲೆ ದೊಡ್ಡದು ಕಾಣುವುದು, ಅದಕ್ಕೇ ನಮಗೆ ಮುದ್ದು ಬರುವುದು. ಕಾರ್ಟೂನ್ ಸಿಪಾಯಿಯನ್ನು ನಾವು ಮೂರು ತಲೆಯ ಎತ್ತರಕ್ಕೆ ಇಳಿಸುತ್ತೇವೆ. ಅಳತೆಗೆ ಸ್ಕೇಲ್ ಬೇಡ. ಸೋಡಾ ಬಾಟಲಿಯ ಮುಚ್ಚಳ ಸಾಕು. ಬೂಟಿನ ಮೇಲೆ ಒಂದು ಮುಚ್ಚಳ ಇಟ್ಟು ಸುತ್ತ ಗೆರೆ ಎಳೆದರೆ ಅದು ಕಾಲಿನ ಜಾಗ. ಅದರ ಮೇಲೊಂದು, ಎದೆ ಹೊಟ್ಟೆಗೆ. ಅದರ ಮೇಲೊಂದು, ತಲೆಗೆ. ದೊಡ್ಡ ಡ್ರಾಯಿಂಗ್ ಹಾಳೆಯಾದರೆ ಮುಚ್ಚಳದ ಬದಲು ಚಹಾದ ಕಪ್ಪು ಬೋರಲು ಹಾಕಿ. ಮಗುವಿಗೆ ಗಂಭೀರ ಸಿಪಾಯಿ ಬೇಕೆಂದರೆ ನಾಲ್ಕು ಅಥವಾ ಐದು ಮುಚ್ಚಳ ಹಾಕಲಿ. ಒಂದೊಂದು ಮುಚ್ಚಳ ಏರಿದಂತೆ ಅವನಿಗೆ ವಯಸ್ಸು ಏರುವುದನ್ನು ಮಕ್ಕಳು ತಾವೇ ಕಂಡುಹಿಡಿಯುತ್ತಾರೆ. ಕೆಳಗಿನಿಂದ ಕಟ್ಟಿಕೊಂಡು ಬಂದದ್ದಕ್ಕೆ ಕಾಲು ಕತ್ತರಿಸಿ ಹೋಗುವ ಪ್ರಶ್ನೆಯೇ ಬರುವುದಿಲ್ಲ. ಟೋಪಿಯ ತುದಿ ಹಾಳೆಯಾಚೆ ಹೋದರೆ ಹೋಗಲಿ, ಸಿಪಾಯಿ ಎತ್ತರದವನು ಅನ್ನಿಸುತ್ತದೆ.

ಕೈಯದು ದೊಡ್ಡ ತಲೆನೋವು. ಐದು ಬೆರಳು ಸೇರಿಸೋಕೆ ಹೋಗಿ ಅದು ಬಾಚಣಿಗೆ ಆಗುತ್ತದೆ. ಸಣ್ಣ ಮಕ್ಕಳಿಗೆ ವಿಶ್ರಾಮ್ ಭಂಗಿ ಹೇಳಿಕೊಡಿ. ಕೈ ಎರಡೂ ಬೆನ್ನ ಹಿಂದೆ ಹೋದವು, ಮೊಣಕೈ ಮಾತ್ರ ಎರಡು ಕಡೆ ಕಾಣುತ್ತದೆ. ಇದು ಮೋಸ ಅಲ್ಲ, ಸಿಪಾಯಿ ನಿಜಕ್ಕೂ ಹಾಗೇ ನಿಲ್ಲುತ್ತಾನೆ. ಮೊದಲ ದಿನ ಗೆದ್ದ ಮಗು ಎರಡನೇ ದಿನ ತಾನಾಗಿ ಕೈ ತೆಗೆಯುತ್ತದೆ.

ಸೆಲ್ಯೂಟ್ ಮಾಡುವ ಸಿಪಾಯಿ ಬೇಕು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲಿ ಎರಡು ಎಡವಟ್ಟು ಆಗುತ್ತವೆ. ಒಂದು, ಮಕ್ಕಳು ಎಡಗೈಯಲ್ಲಿ ಸೆಲ್ಯೂಟ್ ಹೊಡೆಸುತ್ತಾರೆ. ತಪ್ಪು ಅವರದಲ್ಲ. ನಮ್ಮ ಕಡೆ ಮುಖ ಮಾಡಿ ನಿಂತವನ ಬಲಗೈ ಹಾಳೆಯ ಎಡಗಡೆ ಬರಬೇಕು. ಇದನ್ನು ಬಾಯಲ್ಲಿ ಎಷ್ಟು ಸಲ ಹೇಳಿದರೂ ಮಕ್ಕಳಿಗೆ ಹತ್ತುವುದಿಲ್ಲ. ಹೀಗೆ ಮಾಡಿ. ಮಗು ತನ್ನ ಹಾಳೆಯನ್ನು ಎದೆಗೆ ಹಿಡಿದು, ಚಿತ್ರ ಹೊರಗೆ ಕಾಣುವಂತೆ, ಪಕ್ಕದವರ ಎದುರು ನಿಂತು ಸೆಲ್ಯೂಟ್ ಹೊಡೆಯಲಿ. ಎದುರಿಗಿದ್ದ ಮಗು, ನಿಂದು ಈ ಕಡೆ ಐತಿ, ನಿನ್ನ ಸಿಪಾಯಿದು ಆ ಕಡೆ ಐತಿ ಅಂತ ತಾನೇ ಕೂಗುತ್ತದೆ. ಇನ್ನೊಂದು, ಅಂಗೈ. ನಮ್ಮ ಭೂಸೇನೆಯಲ್ಲಿ ಅಂಗೈ ಎದುರಿನವರಿಗೆ ಕಾಣುತ್ತದೆ. ನೌಕಾಸೇನೆಯಲ್ಲಿ ಅಂಗೈ ನೆಲದ ಕಡೆ. ವಾಯುಸೇನೆಯಲ್ಲಿ 2006ರಿಂದ ಎರಡರ ನಡುವೆ, 45 ಡಿಗ್ರಿ ಓರೆ. ಮಕ್ಕಳಿಗೆ ಇದನ್ನು ಹೇಳಿ ನೋಡಿ, ಎಷ್ಟು ಖುಷಿ ಪಡುತ್ತಾರೆ! ಒಂದು ಅಂಗೈ ತಿರುಗಿಸಿದರೆ ಸಿಪಾಯಿ ಹಡಗು ಹತ್ತುತ್ತಾನೆ.

ಟೋಪಿಯೂ ಹಾಗೇ. ಹೆಲ್ಮೆಟ್ ಅಂದರೆ ತೆಂಗಿನ ಕರಟ ಬೋರಲು ಹಾಕಿದ ಹಾಗೆ. ಅದು ಹಣೆಯನ್ನು ಪೂರ್ತಿ ನುಂಗುತ್ತದೆ. ಹಾಗಾಗಿ ಕಣ್ಣು ಮುಖದ ವೃತ್ತದಲ್ಲಿ ಅರ್ಧಕ್ಕಿಂತ ಕೆಳಗೆ ಬರಬೇಕು. ಬೆರೆ ಟೋಪಿ ಅಂದರೆ ಒಂದು ಕಡೆ ಜಾರಿದ ಬಿಸಿ ರೊಟ್ಟಿ. ಬಿಲ್ಲೆ ಸಿಪಾಯಿಯ ಎಡಗಣ್ಣಿನ ಮೇಲೆ, ಟೋಪಿ ಜಾರುವುದು ಅವನ ಬಲಗಿವಿಯ ಕಡೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯವರನ್ನು ನಮ್ಮ ಕಡೆಯ ಮಕ್ಕಳು ನೋಡಿಯೇ ಇರುತ್ತಾರೆ, ಅವರದು ಹಸಿರು ಬೆರೆ. ಪ್ಯಾರಾಚೂಟಿನವರದು ಮರೂನ್. ಸಿಖ್ ಸಿಪಾಯಿಗೆ ಪೇಟ.

ಮುಖದ ಬಗ್ಗೆ ಜಾಸ್ತಿ ಹೇಳಲ್ಲ. ಎರಡು ಚುಕ್ಕೆ ಕಣ್ಣು, ಒಂದು ಸಣ್ಣ ಮೂಗು. ಭಾವ ಎಲ್ಲಾ ಹುಬ್ಬಿನಲ್ಲಿದೆ. ಅದೇ ಮುಖಕ್ಕೆ ಹುಬ್ಬು ಒಳಗೆ ಇಳಿಸಿದರೆ ಸಿಟ್ಟು, ಮೇಲೆ ಎತ್ತಿದರೆ ಅಚ್ಚರಿ, ಹೊರಗೆ ಇಳಿಸಿದರೆ ಊರಿನ ನೆನಪು. ಮಕ್ಕಳಿಗೆ ಮೂರನ್ನೂ ಒಂದೇ ಹಾಳೆಯಲ್ಲಿ ಮಾಡಿಸಿ.

ಬಟ್ಟೆ. ಭೂಸೇನೆ 2022ರ ಜನವರಿ 15ರಂದು, ಸೇನಾ ದಿನದಂದು, ಹೊಸ ಸಮವಸ್ತ್ರ ತೋರಿಸಿತು. ಹಸಿರು, ಮಣ್ಣಿನ ಬಣ್ಣಗಳ ಸಣ್ಣ ಸಣ್ಣ ಚೌಕದ ಚುಕ್ಕೆ. ಮೇಲಂಗಿಯನ್ನು ಪ್ಯಾಂಟಿನ ಒಳಗೆ ಸಿಕ್ಕಿಸುವುದಿಲ್ಲ, ಹೊರಗೆ ಬಿಡುತ್ತಾರೆ. ಚಿತ್ರದಲ್ಲೂ ಹಾಗೇ ಬಿಡಿ. ಚುಕ್ಕೆಗೆ ಕ್ರೇಯಾನ್ ಮೊಂಡು ಮಾಡಿ ಒತ್ತಿದರೆ ಸಾಕು, ಒಂದೊಂದಕ್ಕೂ ಅಂಚಿನ ಗೆರೆ ಬೇಡ. ಈ ಚುಕ್ಕೆ ಯಾಕೆ ಅಂತ ಮಕ್ಕಳನ್ನು ಕೇಳಿ. ಗಿಡಗಂಟಿ ನಡುವೆ ಮನುಷ್ಯನ ಆಕಾರ ಗೊತ್ತಾಗಬಾರದು, ಅವನ ಅಂಚು ಒಡೆದು ಹೋಗಬೇಕು, ಅದಕ್ಕೆ. ಕಾರ್ಟೂನಿಗೆ ಇದಕ್ಕೆ ಪೂರಾ ಉಲ್ಟಾ ಬೇಕು, ಅಂಚು ಗಟ್ಟಿಯಾಗಿ ಕಾಣಬೇಕು. ಹಾಗಾಗಿ ಬಣ್ಣ ಎಲ್ಲಾ ಮುಗಿದ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತ ಒಂದು ದಪ್ಪ ಗೆರೆ ಎಳೆಸುತ್ತೇನೆ.

ಇದನ್ನು ಹೇಳುವಾಗ ನನಗೆ ಒಬ್ಬ ಹುಡುಗ ನೆನಪಾಗುತ್ತಾನೆ. ಕುಂದಗೋಳ ತಾಲ್ಲೂಕಿನ ಕಡೆಯವನು, ಐದನೇ ತರಗತಿ. ಎಲ್ಲರೂ ಹಸಿರು ಕ್ರೇಯಾನಿಗೆ ಕಿತ್ತಾಡುತ್ತಿದ್ದರೆ ಇವನು ಬಣ್ಣದ ಡಬ್ಬಿಯನ್ನೇ ತೆಗೆದಿರಲಿಲ್ಲ. ಅವನ ಸಿಪಾಯಿ ಹಾಳೆಯ ಹಾಗೇ ಬಿಳಿ. ಕಪ್ಪು ಕನ್ನಡಕ, ದಪ್ಪ ಬೂಟು, ಇಷ್ಟಕ್ಕೆ ಮಾತ್ರ ಪೆನ್ಸಿಲ್ ತಿಕ್ಕಿದ್ದ. ಬಣ್ಣ ಯಾಕೆ ಹಾಕಿಲ್ಲಪ್ಪಾ ಅಂದೆ.

"ಅವ ಬರ್ಫದಾಗ ಅದಾನ್ರೀ ಅಕ್ಕೋರ."

ಆಮೇಲೆ ನಾನು ಏನೂ ಕೇಳಲಿಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹೆಸರು ನಿಮಗೆಲ್ಲಾ ಗೊತ್ತು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಪಾತ ಆಯಿತು. ಹತ್ತು ಜನ ಸಿಪಾಯಿಗಳು ಅದರ ಕೆಳಗೆ ಸಿಕ್ಕರು. ಆರು ದಿನದ ಮೇಲೆ ಅಗೆದಾಗ ಇವರೊಬ್ಬರು ಜೀವಂತ ಇದ್ದರು. ನಾವೆಲ್ಲಾ ದೇವರಿಗೆ ಹರಕೆ ಹೊತ್ತೆವು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವತ್ತು ನಮ್ಮ ಈ ಅವಳಿ ನಗರ ಹೇಗಿತ್ತು ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಿಲ್ಲ. ಆ ಹುಡುಗ ಆಗ ಕೂಸು. ಅವನು ಕಂಡದ್ದಲ್ಲ, ಮನೆಯಲ್ಲಿ ಕೇಳಿದ್ದು. ಕೇಳಿದ್ದನ್ನು ಹಾಳೆಯ ಬಿಳಿಯಲ್ಲೇ ಇಟ್ಟಿದ್ದ. ಬೋರ್ಡಿನ ಮೇಲೆ ನಾನು ಹಸಿರು ಸಿಪಾಯಿ ತೆಗೆದು, ಇದನ್ನೇ ನೋಡಿ ತೆಗೆಯಿರಿ ಅಂದಿದ್ದರೆ ಆ ಬಿಳಿ ಸಿಪಾಯಿ ಹುಟ್ಟುತ್ತಲೇ ಇರಲಿಲ್ಲ.

ಬಂದೂಕಿಗೆ ಬರುತ್ತೇನೆ. ನಾನು ಬಂದೂಕು ಬೇಡ ಅನ್ನುವವಳಲ್ಲ. ಸಿಪಾಯಿಯ ಕೈಯಲ್ಲಿ ಬಂದೂಕು ಇರುತ್ತದೆ, ಅದು ಅವನ ಕೆಲಸ. ಆದರೆ ಅದರಿಂದ ಶುರು ಮಾಡಿದ ಮಗುವಿನ ಚಿತ್ರ ಬಂದೂಕಿನ ಚಿತ್ರವೇ ಆಗುತ್ತದೆ, ಅದಕ್ಕೊಂದು ಮನುಷ್ಯ ಅಂಟಿಕೊಂಡಿರುತ್ತಾನೆ. ಆರೇಳು ವರ್ಷದ ಮಕ್ಕಳು ಬಂದೂಕನ್ನು ಆಳಿಗಿಂತ ಉದ್ದ ತೆಗೆಯುತ್ತಾರೆ. ಬೈಯಬೇಡಿ. ಅವರಿಗೆ ಯಾವುದು ಮುಖ್ಯವೋ ಅದು ದೊಡ್ಡದು, ವೀರಗಲ್ಲಿನ ಶಿಲ್ಪಿಗೂ ಹಾಗೇ ಇತ್ತು. ಸುಮ್ನೆ ಒಂದು ಪ್ರಶ್ನೆ ಕೇಳಿ, ಇದನ್ನು ಹೊತ್ತು ಇವನು ದಿನಾ ಎಷ್ಟು ದೂರ ನಡೆಯಬೇಕು ಅಂತ. ಮುಂದಿನ ಚಿತ್ರದಲ್ಲಿ ಬಂದೂಕು ತಾನಾಗಿ ಹೆಗಲಿಗೆ ಬರುತ್ತದೆ, ನೀರಿನ ಬಾಟಲಿ ಸೇರುತ್ತದೆ.

ಒಂದೇ ಒಂದು ಕಡೆ ನಾನು ಬಹಳ ಕಟ್ಟುನಿಟ್ಟು. ಸಿಪಾಯಿಯ ಕೈಗೆ ಧ್ವಜ ಕೊಟ್ಟರೆ ಧ್ವಜ ಸರಿಯಾಗಿರಬೇಕು. ಅದನ್ನು ಕಾರ್ಟೂನ್ ಮಾಡಬಾರದು. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದ ಹೆಣ್ಣುಮಕ್ಕಳು ದೇಶಕ್ಕೆಲ್ಲ ಧ್ವಜ ಹೊಲಿಯುತ್ತಾರೆ. ಅಳತೆ ಒಂಚೂರು ತಪ್ಪಿದರೂ ಆ ಧ್ವಜ ಹೊರಗೆ ಹೋಗುವುದಿಲ್ಲ. ಆ ಊರಿನ ಮಕ್ಕಳು ಚಕ್ರಕ್ಕೆ ಎಂಟು ಗೆರೆ ಹಾಕಿದರೆ ಹೇಗೆ? ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು. ಚಕ್ರಕ್ಕೆ 24 ಗೆರೆ. ಮಕ್ಕಳಿಗೆ 24 ಎಣಿಸಿ ಹಾಕುವುದು ಕಷ್ಟ. ಸುಲಭದ ದಾರಿ ಇದೆ. ಮೊದಲು ಒಂದು ಅಧಿಕ ಚಿಹ್ನೆ. ಅದರ ಮೇಲೆ ಒಂದು ಗುಣಾಕಾರ ಚಿಹ್ನೆ. ಎಂಟು ಗೆರೆ ಆಯಿತು, ನಡುವೆ ಎಂಟು ಸಂದು. ಒಂದೊಂದು ಸಂದಿಗೂ ಎರಡೆರಡು ಗೆರೆ. 16 ಮತ್ತು 8, 24. ಮೂರನೇ ತರಗತಿಯ ಮಗು ಇದನ್ನು ಒಂದು ನಿಮಿಷದಲ್ಲಿ ಹಾಕುತ್ತದೆ, ಮಗ್ಗಿಯೂ ಬಂದ ಹಾಗಾಯಿತು.

ಶಿಕ್ಷಕರಿಗೆ ಕೈ ಮುಗಿದು ಒಂದು ಮಾತು. ಮಗುವಿನ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ಇಡಬೇಡಿ. ತೋರಿಸಬೇಕಾದರೆ ನಿಮ್ಮದೇ ಹಾಳೆಯಲ್ಲಿ ತೋರಿಸಿ, ಆಮೇಲೆ ಅದನ್ನು ಮಡಚಿ ಇಟ್ಟುಬಿಡಿ. ಒಂಬತ್ತು ಹತ್ತರ ವಯಸ್ಸಿನಲ್ಲಿ ಮಕ್ಕಳು ಇದ್ದಕ್ಕಿದ್ದಂತೆ "ನಂಗ ತಗ್ಯಾಕ ಬರಂಗಿಲ್ರೀ" ಅನ್ನೋಕೆ ಶುರು ಮಾಡುತ್ತಾರೆ, ಗಮನಿಸಿದ್ದೀರಾ? ಮಕ್ಕಳ ಚಿತ್ರಗಳನ್ನು ಅಭ್ಯಾಸ ಮಾಡಿದ ವಿಕ್ಟರ್ ಲೊವೆನ್‌ಫೆಲ್ಡ್ ಕೂಡ ಆ ವಯಸ್ಸಿನಲ್ಲೇ ಒಂದು ತಿರುವು ಗುರುತಿಸಿದರು. ಮಗು ತನ್ನ ಚಿತ್ರವನ್ನು ನಿಜದ ಜೊತೆ ಹೋಲಿಸಿ ನೋಡಲು ಶುರು ಮಾಡುತ್ತದೆ. ಕಣ್ಣು ಬೆಳೆದಿದೆ, ಕೈ ಇನ್ನೂ ಹಿಂದಿದೆ. ಆ ಹೊತ್ತಿನಲ್ಲಿ ನಾವು ಅದರ ಹಾಳೆಯಲ್ಲಿ ಚಂದದ ಒಂದು ಮೂಗು ತೆಗೆದುಕೊಟ್ಟರೆ ಮಗು ಕಲಿಯುವುದು ಒಂದೇ, ತನಗೆ ಬರುವುದಿಲ್ಲ ಅಂತ. ಕಾರ್ಟೂನ್ ಅಲ್ಲಿ ನೆರವಿಗೆ ಬರುತ್ತದೆ. ಅದರಲ್ಲಿ ಮೂಗು ನಿಜದ ಹಾಗೆ ಇರಬೇಕಾಗಿಲ್ಲ. ಮೂರು ಮುಚ್ಚಳದ ಸಿಪಾಯಿಗೆ ಯಾರೂ ತಪ್ಪು ಹುಡುಕುವುದಿಲ್ಲ.

ಈಗ ಹಿಂದಿನ ಸಾಲಿನ ಅಕ್ಕೋರು ಒಬ್ಬರು ಚೀಟಿ ಕಳಿಸಿದ್ದಾರೆ. ಅವರ ಕ್ಲಾಸಿನ ಹುಡುಗಿಯೊಬ್ಬಳು "ಹುಡುಗ್ಯಾರೂ ಸಿಪಾಯಿ ಆಗ್ತಾರೇನ್ರೀ" ಅಂತ ಕೇಳಿದಳಂತೆ, ಚಿತ್ರದಲ್ಲಿ ಅದನ್ನು ಹೇಗೆ ತೋರಿಸುವುದು ಅಂತ ಬರೆದಿದ್ದಾರೆ. ಆಗುತ್ತಾರೆ ಅಂತ ಧೈರ್ಯವಾಗಿ ಹೇಳಿ. ಅಧಿಕಾರಿಗಳಾಗಿ ಇದಕ್ಕೂ ಮೊದಲೇ ಇದ್ದರು. ಸಿಪಾಯಿಗಳಾಗಿ ಮಿಲಿಟರಿ ಪೊಲೀಸ್ ದಳದ ಮೊದಲ ತಂಡ, 83 ಹೆಣ್ಣುಮಕ್ಕಳು, 2021ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು. ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನಲ್ಲೇ. ಚಿತ್ರದಲ್ಲಿ ತೋರಿಸೋಕೆ ಉದ್ದ ರೆಪ್ಪೆ, ಕೆಂಪು ತುಟಿ ಏನೂ ಬೇಡ. ಬೂಟು ಅದೇ, ನಿಲುವು ಅದೇ, ಮುಚ್ಚಳ ಮೂರೇ. ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ, ಟೋಪಿಯ ಕೆಳಗೆ ಹಿಂದುಗಡೆ ಒಂದು ಸಣ್ಣ ತುರುಬು ಇಡಿಸಿ. ಒಂದು ರೂಪಾಯಿ ನಾಣ್ಯದ ಅರ್ಧ ಸುತ್ತು.

ಈಗ ನಿಮ್ಮ ಹಾಳೆ ತಿರುವಿ ಹಾಕಿ. ಮುಚ್ಚಳಗಳನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ, ಎಲ್ಲರಿಗೂ ಸಾಕಾಗುವಷ್ಟು ತಂದಿದ್ದೇನೆ. ಕೆಳಗೆ ಎರಡು ಬೆರಳು ಜಾಗ ಬಿಡಿ. ನೆಲದ ಗೆರೆ ಎಳೆಯಿರಿ.